ಪಪ್ಪ ಹೇಳಿದ ಅರ್ಥ

ನಮ್ಮ ಪಪ್ಪನಿಗೆ ಅರಬಿ ಚೆನ್ನಾಗಿ ಬರುತ್ತದೆ ಎಂಬುದು ಮನೆಮಂದಿಯೆಲ್ಲ ಸೇರಿ ಸಾಕಿದ ಸುಳ್ಳು. ಅವನಿಗೆ ಬರುತ್ತಿದ್ದದ್ದು ಗೋದಾಮಿನ ಅರಬಿ. ಲಾರಿ ಬಂತಾ, ಇಳಿಸಿದಿರಾ, ಖಲಾಸ್, ಯಲ್ಲಾ, ನಾಳೆ ಬನ್ನಿ. ವೀಸಾ ಕೊಟ್ಟ ಧಣಿ ಕಫೀಲ್ ಎದುರಾದರೆ ಅವರ ಮನೆಯವರ, ಮಕ್ಕಳ, ಒಂಟೆಗಳ ಕ್ಷೇಮ ವಿಚಾರಿಸುವಷ್ಟು ಬರುತ್ತಿತ್ತು. ಅಷ್ಟಕ್ಕೇ ಮಸ್ಕತ್ತಿನ ಅಲ್ ಅಜೈಬಾದ ನಮ್ಮ ಬೀದಿಯ ಕನ್ನಡದವರೆಲ್ಲ ಅವನನ್ನು ಅರಬಿ ಮಾಸ್ಟ್ರು ಎಂದು ಕರೆದರು. ಅವನು ಬೇಡ ಅನ್ನಲಿಲ್ಲ. ಬೇಡ ಅನ್ನುವ ಜಾತಿಯ ಮನುಷ್ಯನೂ ಅಲ್ಲ. ಈ ಸುಳ್ಳಿನ ಕೊಬ್ಬು ಇಳಿಸಲು ಒಬ್ಬಳೇ ಒಬ್ಬಳು ಪ್ರಯತ್ನಪಟ್ಟಳು, ನಾನು ಅವಳ ಬಾಯಿ ಮುಚ್ಚಿಸಿದೆ. ಆಗ ನನಗೆ ಹನ್ನೊಂದು ವರ್ಷ. ಹನ್ನೊಂದು ವರ್ಷದವರಿಗೆ ಏನು ತಿಳಿಯುತ್ತದೆ ಎಂದು ದಯವಿಟ್ಟು ಯಾರೂ ನನ್ನನ್ನು ಸಮಾಧಾನ ಮಾಡಬೇಡಿ. ನನಗೆ ಎಲ್ಲ ತಿಳಿದಿತ್ತು.

ನೆಲಮಹಡಿಯ ಮನೆ. ಎದುರಿಗೆ ದೊಡ್ಡ ಹಾಲು, ಅದರಲ್ಲಿ ಕಂದು ಬಣ್ಣದ ಸೋಫಾ. ಅಂಗಡಿಯಿಂದ ಬಂದಾಗ ಹಾಕಿದ್ದ ಪ್ಲಾಸ್ಟಿಕ್ಕನ್ನು ಅಮ್ಮ ಕೊನೆಯವರೆಗೂ ತೆಗೆಸಲಿಲ್ಲ, ಫ್ರಾಕು ಹಾಕಿ ಕುಳಿತರೆ ತೊಡೆ ಅಂಟಿಕೊಳ್ಳುತ್ತಿತ್ತು. ಹಾಲಿನಿಂದ ಅಡುಗೆಮನೆಗೆ ಒಂದು ಬಾಗಿಲು. ಅಡುಗೆಮನೆಯ ಪಕ್ಕದಲ್ಲಿ ಅಕ್ಕಿ ಮೂಟೆ ಇಡುವ ಕೋಣೆ, ಆ ಕೋಣೆಯಲ್ಲಿ ಲೀಲಕ್ಕ. ಅಮ್ಮನ ದೊಡ್ಡಪ್ಪನ ಮಗಳು, ಗಂಡ ತೀರಿಕೊಂಡ ಮೇಲೆ ಮುಲ್ಕಿಯಿಂದ ಕರೆಸಿಕೊಂಡದ್ದು. ನೆಂಟರ ಮುಂದೆ ಅವಳು ನಮ್ಮ ಅಕ್ಕ. ವೀಸಾದಲ್ಲಿ ಖದ್ದಾಮಾ, ಅಂದರೆ ಮನೆಗೆಲಸದವಳು. ಎರಡರಲ್ಲಿ ಯಾವುದು ನಿಜ ಎಂದು ತಿಳಿಯಲು ಅವಳ ಕೋಣೆಯಲ್ಲಿ ಒಂದು ನಿಮಿಷ ನಿಂತರೆ ಸಾಕಿತ್ತು. ನಮ್ಮ ಮೂರು ಕೋಣೆಗಳಲ್ಲಿ ಏಸಿ ಗುಂಯ್‌ಗುಡುತ್ತಿತ್ತು, ಅವಳ ಕೋಣೆಯಲ್ಲಿ ಟೇಬಲ್ ಫ್ಯಾನು ಅಕ್ಕಿ ಮೂಟೆಯ ಮೇಲೆ ಕುಳಿತು ಬಿಸಿಗಾಳಿಯನ್ನೇ ತಿರುವಿ ಹಾಕುತ್ತಿತ್ತು. ನನ್ನ ತಲೆಗೆ ಎಣ್ಣೆ ತಿಕ್ಕುತ್ತಿದ್ದವಳು ಅವಳು. ಜ್ವರ ಬಂದರೆ ಪಕ್ಕದಲ್ಲಿ ಕೂರುತ್ತಿದ್ದವಳು ಅವಳು. 'ಬಾಲೆ' ಎಂದು ಕರೆಯುತ್ತಿದ್ದಳು, ತುಳುವಿನಲ್ಲಿ ಮಗು ಎಂದು. ಅಮ್ಮ ನನ್ನನ್ನು ಹಾಗೆ ಕರೆದ ನೆನಪಿಲ್ಲ.

ಶುಕ್ರವಾರ ರಜೆ. ಅಂದು ಮಧ್ಯಾಹ್ನ ನಮ್ಮಲ್ಲಿ ಊಟ, ಊಟದ ಮೇಲೆ ಸಿನಿಮಾ. ಹತ್ತು ಹನ್ನೆರಡು ಜನ ಬರುತ್ತಿದ್ದರು. ಮಸೀದಿ ಮುಗಿಸಿ ಹಮೀದಾಕ ಬರುತ್ತಿದ್ದರು. ಉಪ್ಪಿನಂಗಡಿ ಕಡೆಯ ಬ್ಯಾರಿ ವ್ಯಾಪಾರಿ, ಸೂರ್ ಬಂದರಿನಿಂದ ಅಂಜಲ್ ಮೀನು ತರಿಸಿ ಮಾರುತ್ತಿದ್ದವರು, ನಮಗೆಂದು ಒಂದು ದೊಡ್ಡ ಮೀನು ಪ್ರತಿ ವಾರವೂ ಅವರ ಕೈಯಲ್ಲಿ ಇರುತ್ತಿತ್ತು. ಲೀಲಕ್ಕ ಬೆಳಿಗ್ಗೆಯಿಂದ ಒಬ್ಬಳೇ ನಿಂತು ಕೋರಿ ರೊಟ್ಟಿಯ ಗಸಿ ಕುದಿಸಿ, ನೀರುದೋಸೆ ಎರೆದು, ಮೀನು ಕಾಯಿಸಿದರೆ ಅಮ್ಮ ಬಡಿಸುತ್ತಿದ್ದಳು. 'ಭಾರೀ ರುಚಿ ಆಯ್ತು ಅಕ್ಕ' ಎಂದು ಜನ ಅಮ್ಮನಿಗೆ ಹೇಳುತ್ತಿದ್ದರು. ಅಮ್ಮ 'ಎಂತ ರುಚಿಯೋ, ಅವಸರದಲ್ಲಿ ಮಾಡಿದ್ದು' ಅನ್ನುತ್ತಿದ್ದಳು.

ಊಟ ಮುಗಿದ ಮೇಲೆ ಪಪ್ಪ ಟಿವಿಯ ಪಕ್ಕದಲ್ಲಿ ಕುರ್ಚಿ ಹಾಕಿ ಕೂರುತ್ತಿದ್ದ. ಊರಿನಲ್ಲಿದ್ದಾಗ ಅವನಿಗೆ ತಾಳಮದ್ದಳೆಯ ಹುಚ್ಚಿತ್ತು. ವೇಷವಿಲ್ಲದೆ ಸುಮ್ಮನೆ ಕುಳಿತು, ಭಾಗವತರು ಹಾಡಿದ ಪದಕ್ಕೆ ತನ್ನದೇ ಮಾತಿನಲ್ಲಿ ಅರ್ಥ ಹೇಳುವ ಆಟ ಅದು. ಊರಿನವರು ಅವನಿಗೆ ಎಂದೂ ದೊಡ್ಡ ಪಾತ್ರ ಕೊಡಲಿಲ್ಲ, ದೂತನೋ ದ್ವಾರಪಾಲಕನೋ ಆಗಿ ನಾಲ್ಕು ಮಾತು ಹೇಳಿ ಮುಗಿಯುತ್ತಿತ್ತು. ಆ ಹಸಿವನ್ನೆಲ್ಲ ಹೊತ್ತುಕೊಂಡು ಮಸ್ಕತ್ತಿಗೆ ಬಂದವನಿಗೆ ರುವಿ ಪೇಟೆಯ ಕ್ಯಾಸೆಟ್ ಅಂಗಡಿಯಲ್ಲಿ ಒಬ್ಬ ಮೊರಾಕೊ ಡೈರೆಕ್ಟರನ ಸಿನಿಮಾ ಸಿಕ್ಕಿತು. ಮೊರಾಕೊದ ಅರಬಿ ಒಮಾನಿಗಳಿಗೇ ಅರ್ಧ ತಿಳಿಯುವುದಿಲ್ಲ. ಪಪ್ಪನಿಗೆ ಅದೇ ಅನುಕೂಲವಾಯಿತು. ಪರದೆಯ ಮೇಲೆ ಯಾರು ಬಾಯಿ ತೆರೆದರೂ ಪಪ್ಪ ಕನ್ನಡದಲ್ಲಿ ಅರ್ಥ ಹೇಳುತ್ತಿದ್ದ. ಅವರು ಎರಡು ಮಾತಾಡಿದರೆ ಇವನದು ಇಪ್ಪತ್ತು, ಬೇಕಾದರೆ ಕ್ಯಾಸೆಟ್ ನಿಲ್ಲಿಸಿ ಮುಂದುವರಿಸುತ್ತಿದ್ದ.

ಆ ಡೈರೆಕ್ಟರನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ನಮ್ಮ ಮನೆ ಆ ಹೆಸರನ್ನು ಕೊಳೆ ಮಾಡಿದ್ದು ಸಾಕು. ಪಪ್ಪ 'ಉಸ್ತಾದ್' ಅನ್ನುತ್ತಿದ್ದ. ಅವರ ಮೊದಲ ಸಿನಿಮಾ ಬಂದರಿನ ಹಮಾಲರದ್ದು. ನಟರನ್ನು ಬಿಟ್ಟು ನಿಜವಾದ ಹಮಾಲರನ್ನೇ ಹಾಕಿ ತೆಗೆದದ್ದು. ಎರಡನೆಯದು ಬಟ್ಟೆ ಕಾರ್ಖಾನೆಯಲ್ಲಿ ಹೊಲಿಯುವ ಹೆಂಗಸರದ್ದು. ಕಾರ್ಖಾನೆಯವರು ಥಿಯೇಟರಿನಿಂದ ಅದನ್ನು ಎತ್ತಿಸಿದರಂತೆ, ಜನ ತಾರಸಿಯ ಮೇಲೆ ಬೆಡ್‌ಶೀಟ್ ಕಟ್ಟಿ ನೋಡಿದರಂತೆ. ಅವರು ಪೇಟೆಗೆ ಹೋದರೆ ಮೀನಿನ ಹೆಂಗಸರು ಕೈ ಹಿಡಿದು, ನಮ್ಮ ಕಥೆ ಯಾವಾಗ ತೆಗೆಯುತ್ತೀರಿ ಎಂದು ಕೇಳುತ್ತಿದ್ದರಂತೆ. ಪಪ್ಪ ಹೇಳಿದ್ದರಲ್ಲಿ ಇಷ್ಟು ನಿಜ, ದೊಡ್ಡವಳಾದ ಮೇಲೆ ನಾನು ಓದಿ ನೋಡಿದ್ದೇನೆ. ಆದರೆ ಸಿನಿಮಾದ ಒಳಗೆ ಅವನು ಮಾಡಿದ್ದೇನು? ಕಾರ್ಖಾನೆಯ ಹೆಂಗಸರು ಮುಷ್ಟಿ ಎತ್ತಿ ಧಣಿಗೆ ಶಾಪ ಹಾಕುತ್ತಿದ್ದರೆ, 'ದುಡಿಮೆಯೇ ದೇವರು, ನಮ್ಮ ಕೈಗೆ ಸದಾ ಕೆಲಸ ಇರಲಿ ಎಂದು ಪ್ರಾರ್ಥಿಸುತ್ತಿದ್ದಾರೆ' ಎಂದು ಅರ್ಥ ಹೇಳಿದ. ಜನ ತಲೆದೂಗಿದರು. ಹೀಗೆ ನಮ್ಮ ಬೀದಿಯಲ್ಲಿ ಆ ಡೈರೆಕ್ಟರ್ ಜನಪ್ರಿಯರಾದರು. ನಿಜವಾಗಿ ಜನಪ್ರಿಯನಾದದ್ದು ಪಪ್ಪ, ಅವರ ಚಿತ್ರಗಳ ಮೇಲೆ ಹತ್ತಿ ಕುಳಿತು.

ಲೀಲಕ್ಕ ಸಿನಿಮಾ ನೋಡುತ್ತಿದ್ದದ್ದು ಅಡುಗೆಮನೆಯ ಬಾಗಿಲ ಹೊಸ್ತಿಲಲ್ಲಿ ಕುಳಿತು, ತಟ್ಟೆ ತೊಡೆಯ ಮೇಲಿಟ್ಟುಕೊಂಡು. ಅವಳ ಊಟದ ಹೊತ್ತೂ ಅದೇ. ಅವಳು ಅಳುತ್ತಿದ್ದ ಜಾಗ ಬೇರೆ, ಉಳಿದವರು ಅಳುತ್ತಿದ್ದ ಜಾಗ ಬೇರೆ. ಅದಕ್ಕೆ ಕಾರಣ ನನಗೊಬ್ಬಳಿಗೆ ಗೊತ್ತಿತ್ತು. ಹಿಂದಿನ ಅಂಗಳದ ಗೋಡೆಯಾಚೆಯ ಮನೆಯಲ್ಲಿ ಜೊಹ್ರಾ ಎಂಬ ಮೊರಾಕೊದ ಹೆಂಗಸು ಅಡುಗೆಗಿದ್ದಳು. ಬಟ್ಟೆ ಒಣಹಾಕುವ ಹೊತ್ತಿಗೆ ಇಬ್ಬರೂ ಗೋಡೆಗೆ ಒರಗಿ ಮಾತಾಡುತ್ತಿದ್ದರು. ಮೊದಲು ಕೈಸನ್ನೆ, ಆಮೇಲೆ ಒಂದೊಂದೇ ಮಾತು. ವರ್ಷ ಕಳೆಯುವುದರೊಳಗೆ ಲೀಲಕ್ಕನಿಗೆ ಜೊಹ್ರಾಳ ಭಾಷೆ ಪಪ್ಪನ ಅರಬಿಗಿಂತ ಹೆಚ್ಚು ಬರುತ್ತಿತ್ತು. ನಾನು ಬಕೆಟ್ಟು ಕವುಚಿ ಹಾಕಿ ಅದರ ಮೇಲೆ ನಿಂತು ಕೇಳುತ್ತಿದ್ದೆ. ಒಂದು ದಿನ ಜೊಹ್ರಾ ಬೆಂಕಿಕಡ್ಡಿ ಗೀರಿ ತೋರಿಸಿ 'ಆಫಿಯಾ' ಅಂದಳು. ನಾನು ನಕ್ಕೆ. ನಮ್ಮ ಶಾಲೆಯ ಅರಬಿಯಲ್ಲಿ ಆಫಿಯಾ ಎಂದರೆ ಆರೋಗ್ಯ. ಒಮಾನಿಗಳು ಕೆಲಸದವರಿಗೆಲ್ಲ 'ಅಲ್ಲಾ ಯಾತೀಕ್ ಅಲ್ ಆಫಿಯಾ' ಅನ್ನುವುದು, ದೇವರು ನಿನಗೆ ಆರೋಗ್ಯ ಕೊಡಲಿ ಎಂದು. ಜೊಹ್ರಾ ಹಣೆ ಚಚ್ಚಿಕೊಂಡು ಹೇಳಿದಳು, ನಮ್ಮಲ್ಲಿ ಅದು ಬೆಂಕಿ, ಇಲ್ಲಿಗೆ ಬಂದ ಹೊಸತರಲ್ಲಿ ಧಣಿ ಹಾಗೆ ಅಂದಾಗ ನನ್ನನ್ನು ಸುಡುತ್ತೇನೆ ಅಂದರು ಎಂದು ತಿಳಿದು ಕೋಣೆ ಸೇರಿ ಅತ್ತಿದ್ದೆ ಎಂದು. ಲೀಲಕ್ಕ ಅದೇ ಕಡ್ಡಿ ತೋರಿಸಿ, ನಮ್ಮ ತುಳುವಿನಲ್ಲಿ ಇದು 'ತೂ' ಅಂದಳು. ಜೊಹ್ರಾ 'ತೂ? ತೂ?' ಎಂದು ನೆಲಕ್ಕೆ ಉಗುಳುವಂತೆ ಮಾಡಿದಳು. ಮೂವರೂ ನಕ್ಕು ನಕ್ಕು ಸುಸ್ತಾದೆವು.

ಆ ಡೈರೆಕ್ಟರನಿಗೆ ದೊಡ್ಡ ಹೆಸರು ತಂದ ಮೂರನೆಯ ಸಿನಿಮಾ ನಮ್ಮ ಹಾಲಿಗೆ ಬಂದದ್ದು ಅದಾದ ಮೇಲೆ. ಒಂದು ಶ್ರೀಮಂತರ ಮನೆಯ ಕೆಲಸದ ಹುಡುಗಿಯ ಕಥೆ. ಕೊನೆಗೆ ಆ ಮನೆಯಲ್ಲಿ ಮದುವೆ, ಹರಕು ಬಟ್ಟೆಯ ಹುಡುಗಿ ನೆಂಟರ ಕಣ್ಣಿಗೆ ಬೀಳಬಾರದೆಂದು ಅವಳನ್ನು ಅಡುಗೆಮನೆಯೊಳಗೆ ಹಾಕಿ ಹೊರಗಿನಿಂದ ಚಿಲಕ ಹಾಕುತ್ತಾರೆ. ಆಮೇಲೆ ಪರದೆಯ ಮೇಲೆ ಆ ಮುಚ್ಚಿದ ಬಾಗಿಲೊಂದೇ. ಹಾಡು, ನಗು, ತಟ್ಟೆಯ ಸದ್ದು, ಅದರ ನಡುವೆ ಬಾಗಿಲ ಹಿಂದಿನಿಂದ ಹುಡುಗಿಯ ದನಿ. 'ಆಫಿಯಾ! ಆಫಿಯಾ!' ಹೊಗೆ ತೋರಿಸಲಿಲ್ಲ, ಉರಿ ತೋರಿಸಲಿಲ್ಲ. ಮತ್ತೆ 'ಬಾಬ್, ಬಾಬ್' ಎಂಬ ಕೂಗು. ಬಾಬ್ ಎಂದರೆ ಬಾಗಿಲು, ಅಷ್ಟು ಪಪ್ಪನಿಗೂ ಗೊತ್ತಿತ್ತು. ಪರದೆ ಕಪ್ಪಾಯಿತು. ಸಿನಿಮಾ ಮುಗಿಯಿತು. ಪಪ್ಪ ಎದ್ದು ನಿಂತು ಕೈ ಜೋಡಿಸಿದ.

"'ಧಣಿಗಳೇ, ನಿಮಗೆ ಆಯುರಾರೋಗ್ಯ ಇರಲಿ! ಅನ್ನ ಕೊಟ್ಟ ಈ ಮನೆಗೆ ಸ್ವರ್ಗದ ಬಾಗಿಲು ತೆರೆಯಲಿ!' ಕೂಡಿಹಾಕಿದವರನ್ನೂ ಹರಸುತ್ತಿದ್ದಾಳೆ ನೋಡಿ. ಇದು ಋಣ. ಇದು ಧರ್ಮ."

ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಆಗ ಹೊಸ್ತಿಲಿನಿಂದ ಲೀಲಕ್ಕನ ದನಿ ಬಂತು.

"ಹಾಗಲ್ಲ ಭಾವ. ಬೆಂಕಿ ಅಂತ ಹೇಳುದು ಅವಳು. ಬಾಗಿಲು ತೆಗೀರಿ ಅಂತ ಕೂಗುದು. ಒಳಗೆ ಸುಟ್ಟು ಹೋದಳಲ್ಲ ಆ ಮಗು!"

ಹಮೀದಾಕ ಗಡ್ಡ ಕೆರೆದುಕೊಂಡರು.

"ಆಫಿಯಾ ಅಂದ್ರೆ ಆರೋಗ್ಯವೇ. ಆದ್ರೆ ಮೊರಾಕೊದವರ ಮಾತು ನಮ್ಗೆ ಗೊತ್ತಾಗುದಿಲ್ಲ ಮಾರಾಯ್ರೆ. ಇವ್ರು ಹೇಳುದು ಇದ್ರೂ ಇರಬಹುದು."

"ಎಂತ ಹಮೀದಾಕ, ನೀವು ಕೂಡ!" ಪಪ್ಪ ನಕ್ಕ. ಆ ನಗು ನನಗೆ ಗೊತ್ತಿತ್ತು, ಅದರ ಹಿಂದೆ ಯಾವಾಗಲೂ ಏಟು ಇರುತ್ತಿತ್ತು. "ಲೀಲಕ್ಕನಿಗೆ ಒಲೆ ಬಿಟ್ರೆ ಬೇರೆ ಎಂತದೂ ಕಾಣುದಿಲ್ಲ, ಅದಕ್ಕೇ ಬೆಂಕಿ. ನನ್ನ ಮಗಳಿಗೆ ಶಾಲೆಯಲ್ಲಿ ಅರಬಿ ಉಂಟು, ಅವಳನ್ನೇ ಕೇಳುವ. ಹೇಳು ಮಗಾ, ಆಫಿಯಾ ಅಂದ್ರೆ ಎಂತ?"

ಎಲ್ಲರೂ ನನ್ನ ಕಡೆ ತಿರುಗಿದರು. ಲೀಲಕ್ಕ ಮಾತ್ರ ನೆಮ್ಮದಿಯಾದಳು. ಬಾಲೆಗೆ ಗೊತ್ತುಂಟಲ್ಲ, ಬಾಲೆ ಹೇಳುತ್ತಾಳೆ ಎಂಬ ನೆಮ್ಮದಿ. ಆ ಮುಖ ನನ್ನ ಕಣ್ಣಿನಿಂದ ಹೋಗುವುದಿಲ್ಲ.

"ಹೆಲ್ತ್, ಪಪ್ಪ," ಅಂದೆ.

ಚಪ್ಪಾಳೆ ಬಿತ್ತು. ಯಾರೋ ನನ್ನ ಕೆನ್ನೆ ಹಿಂಡಿದರು. ಪಪ್ಪ ತನ್ನ ಕೈಯಾರೆ ನನಗೆ ಕಿತ್ತಳೆ ಜ್ಯೂಸು ಬಗ್ಗಿಸಿ ಕೊಟ್ಟ. ಹೆದರಿ ಹೇಳಿದೆ ಎಂದು ಬರೆದರೆ ಓದುವವರು ಕ್ಷಮಿಸಿಬಿಡುತ್ತಾರೆ. ಹೆದರಿದ್ದು ಸ್ವಲ್ಪ, ನಿಜ. ಆದರೆ ಆ ಚಪ್ಪಾಳೆ ನನಗೆ ಇಷ್ಟವಾಯಿತು, ಜ್ಯೂಸನ್ನೂ ಪೂರ್ತಿ ಕುಡಿದೆ. ಲೀಲಕ್ಕ ಊಟ ಅರ್ಧಕ್ಕೆ ಬಿಟ್ಟು ತಟ್ಟೆ ತೊಳೆಯಲು ಎದ್ದಳು.

ಮರುವಾರ ಅಡುಗೆಮನೆಯ ಬಾಗಿಲಿಗೆ ಹಾಲಿನ ಕಡೆಯಿಂದ ಹೊಸ ಚಿಲಕ ಬಂತು. ಶುಕ್ರವಾರ ಊಟ ಬಡಿಸಿ ಆದ ಮೇಲೆ ಪಪ್ಪ ಅದನ್ನು ಹಾಕುತ್ತಿದ್ದ. ಯಾವ ಬಾಗಿಲನ್ನು ನೋಡಿ ಅಷ್ಟು ಜನ ಅತ್ತಿದ್ದರೋ, ಅದೇ ಬಾಗಿಲನ್ನು ತಂದು ಮನೆಯಲ್ಲಿ ನಿಲ್ಲಿಸಿಕೊಂಡರು, ಒಬ್ಬರಿಗೂ ಅದು ಕಾಣಲಿಲ್ಲ. ಹಿಂದಿನ ಅಂಗಳದ ಬಾಗಿಲು ತೆರೆದೇ ಇದೆ, ಕೂಡಿಹಾಕಿದ್ದಲ್ಲ ಎಂದು ಅಮ್ಮ ಸಮಜಾಯಿಷಿ ಕೊಟ್ಟಳು. ಆದರೆ ಆ ಅಂಗಳದಲ್ಲಿ ನಿಂತು ಜೊಹ್ರಾಳ ಜೊತೆ ಮಾತಾಡುವುದೂ ನಿಂತಿತು. 'ಆ ಹೆಂಗಸಿನ ಸಹವಾಸ ಖಲಾಸ್' ಎಂದು ಪಪ್ಪ ಹೇಳಿದ್ದ. ಲೀಲಕ್ಕ ನನ್ನ ಮೇಲೆ ಸಿಟ್ಟಾಗಲಿಲ್ಲ. ಎಣ್ಣೆ ತಿಕ್ಕುವಾಗ ತಗ್ಗಿದ ದನಿಯಲ್ಲಿ ಒಂದೇ ಮಾತು ಹೇಳಿದಳು.

"ನಂಗೆ ಹುಚ್ಚು ಅಂತ ಎಲ್ಲರೂ ತಿಳ್ಕೊಂಡಿದ್ದಾರೆ ಬಾಲೆ. ಯಾರಾದ್ರೂ ಒಬ್ರು, ನೀನು ಹೇಳಿದ್ದು ಸರಿ ಲೀಲಾ ಅಂತ ಹೇಳಿದ್ರೆ ಸಾಕು ನಂಗೆ. ಬೇರೆ ಎಂತದೂ ಬೇಡ."

ಅದನ್ನು ಹೇಳಬಲ್ಲವರು ತಾವಾಗಿಯೇ ನಮ್ಮ ಮನೆಗೆ ಬಂದರು. ಚಿತ್ರೋತ್ಸವವೆಂದು ಡೈರೆಕ್ಟರ್ ಮಸ್ಕತ್ತಿಗೆ ಬಂದಿದ್ದರು. ಪಪ್ಪ ಕಫೀಲನ ಕೈಕಾಲು ಹಿಡಿದು ಅವರನ್ನು ಶುಕ್ರವಾರದ ಊಟಕ್ಕೆ ಒಪ್ಪಿಸಿಕೊಂಡ. ಬೀದಿಗೆ ಬೀದಿಯೇ ಮಿಂದು ಮಡಿಯುಟ್ಟು ಸೋಫಾದ ಪ್ಲಾಸ್ಟಿಕ್ಕಿನ ಮೇಲೆ ಬೆವರುತ್ತ ಕುಳಿತಿತ್ತು. ಬಂದವರು ತೆಳ್ಳಗೆ, ನೆರೆತ ತಲೆಯವರು, ಹಾಸ್ಯದ ಕಣ್ಣು. ಪಪ್ಪ ಬಾಗಿಲಲ್ಲೇ ಕೂಗಿದ, 'ಅಲ್ಲಾ ಯಾತೀಕ್ ಅಲ್ ಆಫಿಯಾ, ಉಸ್ತಾದ್!' ಅವರ ಹೆಜ್ಜೆ ಒಂದು ಕ್ಷಣ ನಿಂತಿತು, ಮತ್ತೆ ನಕ್ಕು ಒಳಗೆ ಬಂದರು. ಊರೂರು ತಿರುಗುವವರು, ದೇವರು ನಿನಗೆ ಬೆಂಕಿ ಕೊಡಲಿ ಎಂದು ಎಷ್ಟು ಜನ ಹರಸಿದ್ದರೋ. ಜನ ತಮಗಾದ ದುಃಖವನ್ನೆಲ್ಲ ಅವರ ಮುಂದೆ ತೋಡಿಕೊಂಡರು. ಮೂರನೆಯ ಸಿನಿಮಾದ ಕೊನೆ ನೋಡಿ ನಾವು ಎಷ್ಟು ಅತ್ತೆವು ಎಂದು ಒಬ್ಬೊಬ್ಬರೂ ಇಂಗ್ಲಿಷಿನಲ್ಲಿ ಹೇಳಿದರು. ಅವರು ಎದೆಯ ಮೇಲೆ ಕೈ ಇಟ್ಟುಕೊಂಡು ಕೇಳಿದರು. ಯಾಕೆ ಅತ್ತಿರಿ ಎಂದು ಒಬ್ಬರನ್ನೂ ಕೇಳಲಿಲ್ಲ.

ಊಟವಾದ ಮೇಲೆ ಕೈ ತೊಳೆಯಬೇಕು ಎಂದು ಎದ್ದರು. ಪಪ್ಪ ಯಾರಿಗೋ ಫೋಟೋಕ್ಕೆ ಜಾಗ ಮಾಡಿಕೊಡುತ್ತಿದ್ದ. ನಾನು ಅಡುಗೆಮನೆಯ ದಾರಿ ತೋರಿಸಿದೆ. ಅವರು ಆ ಚಿಲಕವನ್ನು ನೋಡಿದರು, ತಾವೇ ಸರಿಸಿ ಬಾಗಿಲು ತೆಗೆದರು. ಒಳಗೆ ಲೀಲಕ್ಕ ಚಹಾ ಇಟ್ಟು ನಿಂತಿದ್ದಳು, ಬೆವರಿನಿಂದ ರವಿಕೆ ಬೆನ್ನಿಗೆ ಅಂಟಿತ್ತು. ಯಾರೆಂದು ಅವಳಿಗೆ ತಿಳಿಯಿತು. ಸೆರಗು ಸರಿಮಾಡಿಕೊಂಡು, ಒಲೆಯ ನೀಲಿ ಉರಿಯ ಕಡೆ ಬೆರಳು ತೋರಿಸಿದಳು.

"ಆಫಿಯಾ?"

"ಆಫಿಯಾ," ಅಂದರು ಅವರು, ಬೆರಗಿನಿಂದ.

ಅವಳ ಮುಖ ಅರಳಿತು. ಜೊಹ್ರಾ ಕಲಿಸಿದ ಅಷ್ಟೂ ಮಾತನ್ನು ಒಟ್ಟುಮಾಡಿ, ಸಿನಿಮಾ, ಹುಡುಗಿ, ಬಾಗಿಲು, ಬೆಂಕಿ ಎಂದು ಒಂದೊಂದಾಗಿ ಅವರ ಮುಂದಿಟ್ಟಳು. ಅವರ ನಗು ಮಾಯವಾಯಿತು. ಹೌದು ಎಂದು ತಲೆಯಾಡಿಸಿದರು. ಆಮೇಲೆ ಚಿಲಕದ ಕಡೆ ನೋಡಿ, ನನ್ನ ಕಡೆ ತಿರುಗಿ, ಈಕೆ ಯಾರು, ನನಗೆ ಏನು ಹೇಳುತ್ತಿದ್ದಾಳೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಪಪ್ಪ ಮೊದಲ ಮಾತಿಗೇ ಹಿಂದೆ ಬಂದು ನಿಂತಿದ್ದ. ನಮ್ಮ ಖದ್ದಾಮಾ, ಪಾಪ, ಇಲ್ಲಿ ಸ್ವಲ್ಪ ಸರಿ ಇಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿ ತನ್ನ ಕಿವಿಯ ಹತ್ತಿರ ಬೆರಳು ತಿರುಗಿಸಿದ. ಬೆಂಕಿ ಕಂಡರೆ ಹೀಗೆಲ್ಲ ಮಾತಾಡುತ್ತಾಳೆ, ಅದಕ್ಕೇ ಚಿಲಕ. ಈ ಮಾತು ಅವನಿಗೆ ಎಷ್ಟು ಬೇಗ ಹೊಳೆಯಿತು ನೋಡಿ. ಆಫಿಯಾ ಎಂದರೆ ಏನು ಎಂದು ಅವನೂ ಆಗ ಕಿವಿಯಾರೆ ಕೇಳಿದ್ದ. ತಪ್ಪು ತಿಳಿದು ಹೇಳಿದ ಸುಳ್ಳು ಅಲ್ಲಿಗೆ ಮುಗಿದಿತ್ತು. ಇದು ಗೊತ್ತಿದ್ದು ಹೇಳಿದ ಸುಳ್ಳು.

ಡೈರೆಕ್ಟರ್ ಅವನನ್ನು ನಂಬಲಿಲ್ಲ. ಬಗ್ಗಿ ನನ್ನ ಎತ್ತರಕ್ಕೆ ಬಂದು, ಇದು ನಿಜವಾ ಎಂದು ಕೇಳಿದರು. ಲೀಲಕ್ಕನಿಗೆ ಇಂಗ್ಲಿಷ್ ಬಾರದು, ಆದರೆ ಪಪ್ಪನ ಬೆರಳಿನ ಅರ್ಥ ತಿಳಿಯಲು ಇಂಗ್ಲಿಷ್ ಬೇಕಿರಲಿಲ್ಲ. ಅವಳು ನನ್ನನ್ನೇ ನೋಡುತ್ತಿದ್ದಳು.

"ಯೆಸ್ ಅಂಕಲ್," ಅಂದೆ. ಸಾಲದೆಂಬಂತೆ ತಲೆಯನ್ನೂ ಆಡಿಸಿದೆ.

ಅವರ ಮುಖದಲ್ಲಿ ಕಂಡದ್ದನ್ನು ಬಹಳ ವರ್ಷ ನಾನು ಕನಿಕರ ಎಂದುಕೊಂಡಿದ್ದೆ. ಅಲ್ಲ, ಅದು ನಿರಾಳ. ಮುಂದೆ ಕೇಳುವ ಕೆಲಸ ತಪ್ಪಿತಲ್ಲ ಎಂಬ ನಿರಾಳ. ಹಮಾಲರ ಬೆನ್ನಿನ ಗಾಯ ಹುಡುಕಿ ತೋರಿಸಿದ ಮನುಷ್ಯ ಕೈ ತೊಳೆದು, ಲೀಲಕ್ಕನಿಗೆ ಎದೆ ಮುಟ್ಟಿ ನಮಸ್ಕರಿಸಿ, ಹಾಲಿಗೆ ಹೋಗಿ ಎಲ್ಲರ ಜೊತೆ ಫೋಟೋ ತೆಗೆಸಿಕೊಂಡರು. ಪಪ್ಪ ಚಿಲಕ ಹಾಕಿದ. ಆ ಫೋಟೋ, ಅದರ ಮೇಲೆ ಅವರ ಸಹಿ, ಟಿವಿಯ ಮೇಲೆ ನನ್ನ ಮದುವೆಯವರೆಗೂ ಇತ್ತು. ಲೀಲಕ್ಕ ನನ್ನನ್ನು ಬಾಲೆ ಎಂದು ಕರೆದದ್ದು ಆ ದಿನಕ್ಕೆ ಮೊದಲು ಮಾತ್ರ. ಆಮೇಲೆ ಹೆಸರು ಹಿಡಿದು ಕರೆಯುತ್ತಿದ್ದಳು, ಎಣ್ಣೆಯನ್ನೂ ತಿಕ್ಕುತ್ತಿದ್ದಳು, ಬೇಸಿಗೆ ರಜೆಗೆ ನಾವು ಊರಿಗೆ ಹೋದಾಗ ಜೊತೆಗೆ ಬಂದವಳು ಮತ್ತೆ ಮರಳಲಿಲ್ಲ.

ನಾನೀಗ ಮಸ್ಕತ್ತಿನ ಅಲ್ ಹೈಲಿನಲ್ಲಿದ್ದೇನೆ. ಒಂದು ಕ್ಲಿನಿಕ್ಕಿನಲ್ಲಿ ಕೆಲಸ. ಮಲಯಾಳಿ ನರ್ಸು, ಒಮಾನಿ ಅಜ್ಜಿ, ತುಳು ಡ್ರೈವರು, ಇವರು ಹೇಳಿದ್ದನ್ನು ಅವರಿಗೆ ತಿಳಿಸುವುದು. ಒಂದು ಮಾತು ಹೆಚ್ಚು ಕಡಿಮೆ ಮಾಡುವುದಿಲ್ಲ. ನೋವು ಎಂದರೆ ನೋವು, ಉರಿ ಎಂದರೆ ಉರಿ. ನೀನು ಭಾರೀ ಪ್ರಾಮಾಣಿಕಳು ಎಂದು ಡಾಕ್ಟರು ಹೊಗಳಿದಾಗ ನನಗೆ ಮೈಯೆಲ್ಲ ಕಂಬಳಿಹುಳ ಹರಿದಂತಾಗುತ್ತದೆ. ಮೊನ್ನೆ ಶುಕ್ರವಾರ ಮಧ್ಯಾಹ್ನ ಮಗಳ ಲ್ಯಾಪ್‌ಟಾಪಿನಲ್ಲಿ ಆ ಮೂರನೆಯ ಸಿನಿಮಾ ಸಿಕ್ಕಿತು. ಆ ಡೈರೆಕ್ಟರನ್ನು ಈಗ ದೇಶದೇಶದಲ್ಲಿ ಪಾಠ ಮಾಡುತ್ತಾರಂತೆ. ಕೆಳಗೆ ಇಂಗ್ಲಿಷಿನಲ್ಲಿ ಅಕ್ಷರ. ಮುಚ್ಚಿದ ಬಾಗಿಲು ಬಂತು, ಹಾಡು ಬಂತು, ಹುಡುಗಿ ಕೂಗಿದಳು. ಕೆಳಗೆ 'ಫೈರ್' ಎಂದು ಮೂಡಿತು, ಮತ್ತೆ 'ಓಪನ್ ದ ಡೋರ್' ಎಂದು. ನಾನು ಎದ್ದು ಮುಲ್ಕಿಗೆ ವೀಡಿಯೊ ಕಾಲ್ ಮಾಡಿದೆ. ಲೀಲಕ್ಕ ಅಲ್ಲಿ ತಮ್ಮನ ಮನೆಯಲ್ಲಿ, ತುಂಬಿದ ಸಂಸಾರದ ನಡುವೆ ಇದ್ದಾಳೆ. ಸೊಪ್ಪು ಬಿಡಿಸುತ್ತ ಕುಳಿತಿದ್ದಳು, ಯಾರೋ ಫೋನನ್ನು ಅವಳ ಎದುರಿಗೆ ಒರಗಿಸಿಟ್ಟರು. ನಾವಿಬ್ಬರು ಆಡುವುದು ತುಳು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಲೀಲಕ್ಕ, ಆ ಸಿನಿಮಾ ನೋಡಿದೆ. ಆ ಹುಡುಗಿ ಬೆಂಕಿ ಅಂತಲೇ ಹೇಳುದು. ನೀನು ಹೇಳಿದ್ದೇ ಸರಿ."

"ಅದು ನಂಗೆ ಗೊತ್ತುಂಟಲ್ಲ. ಇದು ಹೇಳ್ಲಿಕ್ಕೆ ಫೋನ್ ಮಾಡಿದ್ದಾ?"

"ಹೌದು."

ಅವಳ ಕೈ ಸೊಪ್ಪಿನ ಮೇಲೆ ನಿಂತಿತು. ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದಳು.

"ನಿಂಗೆ ಈಗ ಗೊತ್ತಾದದ್ದಾ?"

ಹೌದು ಅಂದುಬಿಡಬಹುದಿತ್ತು. ನಾಲಿಗೆಯ ತುದಿಗೇ ಬಂದಿತ್ತು. ಮುದುಕಿ ನಂಬಿಯೂ ಬಿಡುತ್ತಿದ್ದಳು, ಚಿಕ್ಕ ಮಗು, ಜೊಹ್ರಾ ಹೇಳಿದ್ದು ಮರೆತಿತ್ತು ಪಾಪ ಎಂದು. ಮತ್ತೆ ಬಾಲೆ ಎಂದು ಕರೆಯುತ್ತಿದ್ದಳೋ ಏನೋ.

"ಇಲ್ಲ ಲೀಲಕ್ಕ. ಆಗಲೇ ಗೊತ್ತಿತ್ತು. ಎರಡು ಸಲವೂ."

ಅವಳು ಬಿಡಿಸಿದ ಸೊಪ್ಪನ್ನು ಬದಿಗೆ ಸರಿಸಿದಳು. ಆಮೇಲೆ ಮುಖ ಪಕ್ಕಕ್ಕೆ ತಿರುಗಿಸಿದಳು.

"ತೂ," ಅಂದಳು.

ತುಳುವಿನಲ್ಲಿ ಅದಕ್ಕೆ ಬೆಂಕಿ ಎಂದು ಅರ್ಥ. ಅವಳು ಹೇಳಿದ್ದು ಬೆಂಕಿಯಲ್ಲ. ಅದು ತಿಳಿಯಲು ನನಗೆ ಅರ್ಥ ಹೇಳುವವರು ಯಾರೂ ಬೇಕಾಗಲಿಲ್ಲ.